ಮುನ್ನೂರ ಹನ್ನೆರಡು ಮಾರು

“ನಿನ್ನ ಸರಪಳಿ ಕೆರಿಗೆ ಹಾಕ. ಅಳಕೊಂತ ಅಳಕೊಂತ ಹಂಗ ಎತ್ಲಾಗರ ಹೋಗಿಬಿಡು, ಮತ್ತ ಈ ಮನಿ ಕಡೆ ಮಾರಿ ತೋರಸಬ್ಯಾಡ,” ಎಂದೆ ನಾನು. ಸಿಟ್ಟು ಬಂದರೆ ನನ್ನ ಬಾಯಲ್ಲಿ ಗಂಡನಿಗೆ ‘ನೀವು’ ಹೋಗಿ ‘ನೀ’ ಬರುತ್ತದೆ. ಮದುವೆಯಾದ ಇಪ್ಪತ್ತೊಂಬತ್ತು ವರ್ಷದಲ್ಲಿ ‘ನೀವು’ ಎಷ್ಟು ಸಲ ಬಂದಿದೆ ಎಂದು ಅಡಿವೆಪ್ಪನನ್ನೇ ಕೇಳಬೇಕು. ಅವನು ಎಲ್ಲವನ್ನೂ ಅಳೆದಿಡುವ ಮನುಷ್ಯ.

ಅವನು ಬಾಗಿಲಲ್ಲಿ ನಿಂತಿದ್ದ. ಹೆಗಲ ಮೇಲೆ ಪುರಸಭೆಯ ಸರಪಳಿ, ಕಿವಿಯ ಮೇಲೆ ಸೀಮೆಸುಣ್ಣದ ತುಂಡು. ದನಿ ಏರಿಸಲಿಲ್ಲ. ಅದೇ ಅವನ ಕೆಟ್ಟ ಚಟ. “ಮುಂಜಾನೆ ಬೋರ್ಡಿನ ಮ್ಯಾಲೆ ಗಿರಣಿ ಓಣಿ ಮುನ್ನೂರ ಹನ್ನೆರಡು ಮಾರು ಅಂತ ಬರದೀನಿ. ಈಗ ಅಳದ್ರ ಎಂಟುನೂರ ನಲವತ್ತು ಐತಿ. ಯಾರು ಓಡ್ಯಾರ, ಅಷ್ಟ ಹೇಳು,” ಎಂದ. ನಾನು ಕಚ್ಚೆ ಹಾಕಿ ಸೀರೆ ಎತ್ತಿ ಕಟ್ಟಿ, ಕ್ಯಾನ್ವಾಸ್ ಬೂಟು ಮೆಟ್ಟಿ, ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕಿಸುತ್ತಾ ಅವನ ಎದುರಿಗೇ ನಿಂತಿದ್ದೆ. ಆದರೂ ಬಾಯಿಬಿಟ್ಟು ಹೇಳಲೇಬೇಕಂತೆ.

ಅವನ ಬೆನ್ನ ಹಿಂದೆ ಪಕ್ಕದ ಮನೆಯ ಫಕೀರವ್ವ ಎರಡು ಸೀರೆ, ಒಂದು ಕೌದಿ ಹಿಡಿದುಕೊಂಡಿದ್ದಳು. ಮೂರನ್ನೂ ಚರಂಡಿಯಲ್ಲಿ ಅದ್ದಿ ತೆಗೆದಂತಿತ್ತು. ಅವಳ ಮನೆಗೂ ನನ್ನ ಹಿಟ್ಟಿನ ಗಿರಣಿಗೂ ನಡುವೆ ಕಟ್ಟಿದ್ದ ಬಟ್ಟೆಯ ಹಗ್ಗ ನಾನು ಓಡುವಾಗ ಟಣ್ಣನೆ ಹರಿದಿತ್ತು. ಓಣಿ ಬೆಳೆದರೆ ಮನೆಗಳು ದೂರ ಸರಿಯುತ್ತವೆ, ಮನೆ ಸರಿದರೆ ಹಗ್ಗ ಏನು ಮಾಡೀತು. ಅಲ್ಲದೆ ನಾಲ್ಕು ಮನೆ ಆಚೆಯ ಬೀಗರಿಗೆಂದು ಅವಳು ಬಿಸಿ ಸಾರು ಹಿಡಿದು ಹೊರಟಿದ್ದಳಂತೆ. ತಲುಪುವ ಹೊತ್ತಿಗೆ ಸಾರು ಆರಿ, ಬೀಗರು ಉಂಡು ಕೈ ತೊಳೆದು ಎಲೆ ಅಡಿಕೆ ಹಾಕಿಕೊಂಡಿದ್ದರಂತೆ. ಇದನ್ನೆಲ್ಲ ಅವಳು ನನಗೆ ಹೇಳದೆ, ನಾನು ಅಲ್ಲಿಲ್ಲವೇ ಇಲ್ಲವೆನ್ನುವ ಹಾಗೆ, ನನ್ನ ಗಂಡನಿಗೆ ಹೇಳಿದಳು.

ನಮ್ಮೂರಲ್ಲಿ ಯಾರೂ ಓಡುವುದಿಲ್ಲ. ಶಾಲೆಗೆ ಹೊರಟ ಮಕ್ಕಳಿಗೆ ತಾಯಂದಿರು ಓಡಬ್ಯಾಡ್ರೋ, ಹೊತ್ತಾಗತೈತಿ ಎಂದು ಕೂಗಿ ಕಳಿಸುತ್ತಾರೆ. ಕಳ್ಳ ನಡೆದೇ ಹೋಗುತ್ತಾನೆ, ಪೊಲೀಸಿನವನು ಅವನ ಹಿಂದೆ ನಡೆದೇ ಹೋಗುತ್ತಾನೆ, ಯಾರ ಹೆಜ್ಜೆ ಉದ್ದವೋ ಅವರು ಗೆಲ್ಲುತ್ತಾರೆ. ಅದಕ್ಕೇ ಪೊಲೀಸು ಕೆಲಸಕ್ಕೆ ಉದ್ದ ಕಾಲಿನವರನ್ನೇ ಆರಿಸುತ್ತಾರೆ. ನಾಯಿಗಳು ಬೆಕ್ಕಿನ ಬೆನ್ನು ಹತ್ತುವುದನ್ನು ಬಿಟ್ಟು ಎಷ್ಟೋ ತಲೆಮಾರಾಯಿತು. ಬಸ್ಸು ಊರೊಳಗೆ ಬರುವುದಿಲ್ಲ, ಗಡಿಕಲ್ಲಿನ ಹತ್ತಿರವೇ ನಿಂತು ತಿರುಗಿಸಿಕೊಂಡು ಹೋಗುತ್ತದೆ. ಅಪ್ಪಿತಪ್ಪಿ ಯಾರಾದರೂ ಓಡಿದರೆ, ಓಡಿದಷ್ಟೂ ಓಣಿ ಉದ್ದ ಬೆಳೆಯುತ್ತದೆ. ಆಗ ಓಡಿದವರೇ ನಿಧಾನಕ್ಕೆ ಹಿಂದೆ ಮುಂದೆ ನಡೆದು ಅದನ್ನು ಮೊದಲಿನ ಅಳತೆಗೆ ಇಳಿಸಬೇಕು. ಅದಕ್ಕೆ ತುಳಿದು ಇಳಿಸುವುದು ಎನ್ನುತ್ತೇವೆ. ದಿನಾ ಬೆಳಿಗ್ಗೆ ಎಲ್ಲಾ ಓಣಿಗಳನ್ನೂ ಸರಪಳಿ ಹಿಡಿದು ಅಳೆದು ಚೌಕದ ಬೋರ್ಡಿನ ಮೇಲೆ ಬರೆಯುವುದು ಅಡಿವೆಪ್ಪನ ಕೆಲಸ, ಅವನಿಗಿಂತ ಮುಂಚೆ ಅವನ ಅಪ್ಪನ ಕೆಲಸ. ಜನ ಬೋರ್ಡು ನೋಡಿಕೊಂಡೇ ಮನೆ ಬಿಡುವ ಹೊತ್ತು ಗೊತ್ತುಮಾಡುತ್ತಾರೆ. ಬೋರ್ಡು ತಪ್ಪಾದರೆ ಊರೇ ತಪ್ಪಿದಂತೆ.

ಅಂಥ ಬೋರ್ಡನ್ನು ಅವನ ಹೆಂಡತಿಯೇ ಸುಳ್ಳು ಮಾಡಿದ್ದಳು. ಅವನಿಗೆ ನೋವಾಗಿದ್ದು ನನಗೆ ಕಾಣುತ್ತಿತ್ತು. ಆದರೂ ನಾನು ಬಗ್ಗಲಿಲ್ಲ. ಯಾಕೆಂದು ಹೇಳುತ್ತೇನೆ.

ಆ ಜಗಳಕ್ಕೆ ಎರಡು ವಾರ ಮುಂಚೆ ಗಿರಣಿಯ ಪಟ್ಟಿ ಹರಿದು, ಹೊಸದು ತರಲು ಗಡಿಕಲ್ಲಿನ ಹತ್ತಿರ ಬಸ್ಸಿಗೆ ಕಾಯುತ್ತಿದ್ದೆ. ಯಾವುದೋ ಹೊರಗಿನವನು, ಕೈಯಲ್ಲಿ ಚೀಲ ಬೇರೆ, ಕಲ್ಲಿನಾಚೆ ಹೊರಟುಹೋಗುತ್ತಿದ್ದ ಬಸ್ಸಿನ ಹಿಂದೆ ಓಡಿದ. ಪಾಪ, ಬುದ್ಧಿಯಿಲ್ಲದವನು, ಎಂದುಕೊಂಡೆ. ಅವನಿಗೆ ಬಸ್ಸು ಸಿಕ್ಕಿತು. ಹತ್ತು ಹೆಜ್ಜೆ ಓಡಿದ, ಸರಳು ಹಿಡಿದ, ಹತ್ತಿಯೇಬಿಟ್ಟ. ನಾನು ನಿಂತಲ್ಲೇ ನಿಂತೆ. ನನ್ನ ಬಸ್ಸು ಬಂತು, ಹೋಯಿತು, ನನಗೆ ಗೊತ್ತೇ ಆಗಲಿಲ್ಲ. ಓಡಿದವನು ತಲುಪುವುದನ್ನು ನಲವತ್ತೆಂಟು ವರ್ಷದಲ್ಲಿ ನಾನು ಮೊದಲ ಸಲ ನೋಡಿದ್ದೆ. ತಿರುಗಿದರೆ ಬಸ್ ತಂಗುದಾಣದ ಗೋಡೆಗೆ ಒಂದು ಕಾಗದ ಅಂಟಿಸಿದ್ದರು. ಪಕ್ಕದ ಪಟ್ಟಣದಲ್ಲಿ ಐವತ್ತು ಕಿಲೋಮೀಟರ್ ಓಟವಂತೆ, ಹತ್ತು ಗಂಟೆಯೊಳಗೆ ಮುಗಿಸಬೇಕಂತೆ, ಯಾರು ಬೇಕಾದರೂ ಬರಬಹುದಂತೆ. ಕೆಳಗೆ ಇನ್ನೊಂದು ಸಾಲಿತ್ತು: ಮೊದಲ ಸಲದವರು ಸ್ವಲ್ಪ ಓಡಿ ಸ್ವಲ್ಪ ನಡೆದು ಮುಗಿಸಿರಿ, ದಣಿವಾಗುವ ಮುಂಚೆಯೇ ನಡೆಯಿರಿ. ನಾನು ಕಲಿತದ್ದು ನಮ್ಮೂರ ಶಾಲೆಯಲ್ಲಿ ಏಳನೇ ತರಗತಿಯವರೆಗೆ. ಆ ಸಾಲನ್ನು ಮೂರು ಸಲ ಓದಿದೆ.

ನನಗೆ ಹದಿನೇಳು ವರ್ಷವಿದ್ದಾಗ ಒಂದು ಮಧ್ಯಾಹ್ನ ಅವ್ವನಿಗೆ ಎದೆ ಹಿಡಿಯಿತು. ಡಾಕ್ಟರ ಮನೆ ಇನ್ನೂರು ಮಾರು. ಅಪ್ಪ ಬಾಗಿಲಲ್ಲಿ ನಿಂತು ನಡಿ, ನಡಕೊಂತ ಹೋಗು ಎಂದು ಕೂಗಿದ್ದು ಇವತ್ತಿಗೂ ಕಿವಿಯಲ್ಲಿದೆ. ಕಾಲು ಕೇಳಲಿಲ್ಲ, ಓಡಿದೆ. ಡಾಕ್ಟರ ಮನೆಯ ಹಸಿರು ಬಾಗಿಲು ಕಣ್ಣೆದುರಿಗೇ ಸಣ್ಣದಾಗುತ್ತಾ ಹೋಯಿತು. ಅವರನ್ನು ಕರೆದುಕೊಂಡು ಬಂದಾಗ ಮನೆಯ ಮುಂದೆ ಜನ ಕೂತಿದ್ದರು. ಆ ದಿನ ಓಣಿ ಸಾವಿರದ ನೂರು ಮಾರು ಬೆಳೆದಿತ್ತು. ಆದರೆ ಮರುದಿನ ಬೋರ್ಡಿನ ಮೇಲೆ ಇನ್ನೂರು ಎಂದೇ ಇತ್ತು. ಆಗಷ್ಟೇ ಕೆಲಸಕ್ಕೆ ಸೇರಿದ್ದ ಅಡಿವೆಪ್ಪ, ನಾನು ಓಡಿದ್ದು ಊರಿಗೆ ಗೊತ್ತಾಗದಿರಲಿ ಎಂದು ಹಾಗೆ ಬರೆದು, ಎರಡು ದಿನ ಊಟಕ್ಕೂ ಹೋಗದೆ ಆ ಓಣಿಯಲ್ಲಿ ಹಿಂದೆ ಮುಂದೆ ನಡೆದಿದ್ದ. ಅವನು ಬರೆದ ಒಂದೇ ಸುಳ್ಳು ಅಳತೆ ಅದು, ಅದನ್ನೂ ನಡೆದು ನಡೆದು ನಿಜ ಮಾಡಿದ. ಮುಂದೆ ಅವನ ಮನೆಯಿಂದ ನನ್ನನ್ನು ಕೇಳಿಕೊಂಡು ಬಂದಾಗ ನಾನು ಬೇರೇನೂ ವಿಚಾರಿಸಲಿಲ್ಲ.

ಹೀಗಾಗಿ ಒಂದೇ ಒಂದು ಸಲ ಓಡಿ ತಲುಪಬೇಕು ಎನ್ನುವುದು ನನ್ನ ತಲೆಯಲ್ಲಿ ಕೂತಿತು. ಹತ್ತು ಹೆಜ್ಜೆ ಓಡಿ ಬಸ್ಸು ಹಿಡಿದರೆ ಅದು ಲೆಕ್ಕಕ್ಕಿಲ್ಲ. ಹತ್ತು ಹೆಜ್ಜೆಗೆ ದಾರಿ ಕಣ್ಣು ಮುಚ್ಚಿಕೊಂಡಿರಬಹುದು. ಐವತ್ತು ಕಿಲೋಮೀಟರ್ ಓಡಿ ತಲುಪಿದರೆ ಅದು ತಲುಪಿದ್ದು.

ಜಗಳವಾದ ದಿನ ಸಂಜೆ ಗಿರಣಿ ಕಟ್ಟೆಯ ಮೇಲೆ ಓಣಿಯವರೆಲ್ಲ ಸೇರಿದರು. ನನ್ನನ್ನು ಊರ ಹೊರಗೆ ಗಡಿಕಲ್ಲಿನಾಚೆ ಹೋಗಿ ಓಡು ಎಂದರು. ಗಿರಣಿ ಯಾರಪ್ಪ ನೋಡಿಕೊಳ್ಳುತ್ತಾನೆ, ನಿಮ್ಮ ಜೋಳ ನೀವೇ ಕಚ್ಚಿ ತಿನ್ನಿ ಎಂದೆ. ಹಾಗಾದರೆ ಓಡಲೇಬೇಡ ಎಂದರು. ಓಡಿಯೇ ತೀರುತ್ತೇನೆ, ನಾಳೆಯಿಂದ ಗಿರಣಿಗೂ ಬೀಗ ಎಂದೆ. ರೊಟ್ಟಿಯ ಮಾತು ಬಂದ ಮೇಲೆ ಎಲ್ಲರೂ ತಣ್ಣಗಾದರು. ಮೂಲೆಯಲ್ಲಿ ಕೂತಿದ್ದ ಅಡಿವೆಪ್ಪ ಆಗ ಒಂದು ದಾರಿ ಹೇಳಿದ. ಇವಳು ನಾಲ್ಕು ನಿಮಿಷ ಓಡಲಿ, ನಾನು ಸೀಟಿ ಊದುತ್ತೇನೆ. ಸೀಟಿ ಊದಿದ ಮೇಲೆ ಇವಳು ನಡೆಯಬೇಕು. ನಾನು ಅಳೆಯುತ್ತೇನೆ. ಓಣಿ ಮುನ್ನೂರ ಹನ್ನೆರಡಕ್ಕೆ ಇಳಿದ ಮೇಲೆ ಮತ್ತೆ ಸೀಟಿ ಊದುತ್ತೇನೆ, ಆಗ ಮತ್ತೆ ಓಡಲಿ. ಹಾಲಿನ ಹೊತ್ತಿಗೆ, ಶಾಲೆಯ ಹೊತ್ತಿಗೆ ಓಟವಿಲ್ಲ. ಬಟ್ಟೆಯ ಹಗ್ಗಕ್ಕೆ ಎಲ್ಲರೂ ಸೈಕಲ್ ಟ್ಯೂಬು ಸೇರಿಸಿ ಕಟ್ಟಿಕೊಳ್ಳಬೇಕು, ಟ್ಯೂಬು ದುರುಗವ್ವನೇ ಕೊಡಬೇಕು. ದುರುಗವ್ವ ಎಂದರೆ ನಾನು. ನಾನು ಒಪ್ಪಿದೆ.

ಮೊದಮೊದಲು ನಾಲ್ಕು ನಿಮಿಷ ಓಡಿದ್ದನ್ನು ಇಳಿಸಲು ಅರ್ಧ ಗಂಟೆ ನಡೆಯಬೇಕಾಗುತ್ತಿತ್ತು. ಓಡುವುದಕ್ಕಿಂತ ನಿಲ್ಲಿಸುವುದೇ ನನಗೆ ಕಷ್ಟ. ಉಸಿರು ಚೆನ್ನಾಗಿದೆ, ಕಾಲು ಹುರುಪಿನಲ್ಲಿದೆ, ಅಷ್ಟರಲ್ಲಿ ಇವನ ಸೀಟಿ. ದಣಿದಿಲ್ಲ ಎಂದು ಜಗಳ ಮಾಡಿದರೆ, ಕಾಗದದ ಮೇಲೆ ದಣಿಯುವ ಮುಂಚೆಯೇ ಎಂದು ಬರೆದಿದೆ, ಎಂದು ತೋರಿಸುತ್ತಿದ್ದ. ಆ ಕಾಗದವನ್ನು ಅವನು ಗೋಡೆಯಿಂದ ಕಿತ್ತು ತಂದು ಜೇಬಿನಲ್ಲಿಟ್ಟುಕೊಂಡಿದ್ದ. ಒಂದು ದಿನ ಮನೆಯಲ್ಲಿ ಉಪ್ಪಿನ ವಿಷಯಕ್ಕೆ ನಾನು ಬಯ್ಯುತ್ತಿದ್ದಾಗ ನಾಲ್ಕು ನಿಮಿಷಕ್ಕೆ ಸೀಟಿ ಊದಿಬಿಟ್ಟ. ರೂಢಿಯ ಬಲಕ್ಕೆ ನನ್ನ ಬಾಯಿ ನಿಂತಿತು. ಎರಡು ನಿಮಿಷ ಬಿಟ್ಟು ಮತ್ತೆ ಊದಿದ, ಅಷ್ಟರಲ್ಲಿ ಬಯ್ಯುತ್ತಿದ್ದದ್ದು ಯಾಕೆಂದೇ ನೆನಪಿರಲಿಲ್ಲ. ಆಮೇಲೆ ಅವನು ಮನೆಯಲ್ಲೂ ಸೀಟಿಯನ್ನು ಕೊರಳಿಂದ ತೆಗೆಯಲಿಲ್ಲ.

ಫಕೀರವ್ವ ಒಂದು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಆದರೆ ಅವಳಿಗೂ ಸಾರು ಆರುವ ಚಿಂತೆ. ಒಂದು ದಿನ ನಾನು ನಡೆಯುವ ಹೊತ್ತಿಗೆ ಸೆರಗು ಸಿಕ್ಕಿಸಿಕೊಂಡು ಹಿಂದೆ ಬಂದಳು. ನಿನ್ನ ಸಲುವಾಗಿ ಅಲ್ಲ, ಓಣಿ ಲಗೂ ಇಳೀಲಿ ಅಂತ, ಎಂದಳು. ಇಬ್ಬರು ತುಳಿದರೆ ಬೇಗ ಇಳಿಯಿತು. ಅದನ್ನು ನೋಡಿ ಎದುರು ಮನೆಯವರು ಬಂದರು, ದರ್ಜಿ ಬಂದ, ಮದ್ದಿನ ಅಂಗಡಿಯವರು ಬಂದರು. ಮೂರು ತಿಂಗಳು ಕಳೆಯುವಷ್ಟರಲ್ಲಿ ಸೀಟಿ ಊದಿದ ಕೂಡಲೇ ಓಣಿಯ ನಲವತ್ತು ಜನ ಬಾಗಿಲು ತೆರೆದು ಹೊರಗೆ ಬಂದು ನನ್ನ ಜೊತೆ ನಡೆಯುತ್ತಿದ್ದರು, ಎರಡೇ ನಿಮಿಷದಲ್ಲಿ ಓಣಿ ಮುನ್ನೂರ ಹನ್ನೆರಡಕ್ಕೆ ಬಂದು ನಿಲ್ಲುತ್ತಿತ್ತು. ಮತ್ತೆ ಸೀಟಿ. ನಾನು ಓಡಬೇಕು, ಅವರು ಒಳಗೆ ಹೋಗಿ ಒಗ್ಗರಣೆ ನೋಡಬೇಕು. ನಾಲ್ಕು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೀಗೆ ನನ್ನ ಲೆಕ್ಕ ಗೊತ್ತಾಯಿತು. ವಾರಕ್ಕೊಂದು ದಿನ ಉದ್ದನೆಯ ಓಟ, ಮೊದಲು ಎರಡು ಗಂಟೆ, ಆಮೇಲೆ ಮೂರು, ಆಮೇಲೆ ಐದು. ಆ ದಿನ ಓಣಿಯವರು ಅಡುಗೆ ಮಾಡುತ್ತಿರಲಿಲ್ಲ, ಕಟಕ ರೊಟ್ಟಿ, ಶೇಂಗಾ ಚಟ್ನಿ ಗಂಟು ಕಟ್ಟಿಕೊಂಡೇ ನಡೆಯುತ್ತಿದ್ದರು. ಓಡುತ್ತಲೇ ಶೇಂಗಾ ಉಂಡಿ ತಿನ್ನುವುದನ್ನು ಕಲಿತೆ. ಉಪ್ಪು, ಬೆಲ್ಲ ಹಾಕಿದ ನೀರನ್ನು ಬಾಯಾರುವ ಮುಂಚೆಯೇ ಕುಡಿಯುವುದನ್ನು ಕಲಿತೆ. ಕಾಲಿನ ಬೊಬ್ಬೆಗಳು ಒಡೆದು, ಗಟ್ಟಿಯಾಗಿ, ಮತ್ತೆ ಎದ್ದು, ಕೊನೆಗೆ ಸೋತವು. ಫಕೀರವ್ವನ ಮಂಡಿನೋವು ಹೋಯಿತು. ಅದನ್ನು ಅವಳು ಇವತ್ತಿಗೂ ಒಪ್ಪುವುದಿಲ್ಲ.

ಓಟದ ದಿನಕ್ಕೆ ಅಡಿವೆಪ್ಪ ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ರಜೆ ಕೇಳಿದ. ಬೋರ್ಡಿನ ಮೇಲೆ ಹಿಂದಿನ ಸಂಜೆಯೇ ಎಲ್ಲಾ ಅಳತೆ ಬರೆದು, ನಾಳೆ ಯಾರೂ ಓಡಬ್ಯಾಡ್ರಿ ಎಂದು ಕೆಳಗೆ ಸೇರಿಸಿದ. ಗಡಿಕಲ್ಲು ದಾಟುವಾಗ ಅವನ ಕೈ ಸರಪಳಿಯನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತೆಂದರೆ ಬಸ್ಸಿನವನು ಅದು ಯಾವ ಪ್ರಾಣಿಗೆ ಎಂದು ಕೇಳಿದ.

ಆ ಪಟ್ಟಣದ ಹೊರಗೆ ನೇರವಾದ ಒಂದು ರಸ್ತೆ. ಎರಡೂವರೆ ಕಿಲೋಮೀಟರ್ ಹೋಗಿ ತಿರುಗಿ ಬಂದರೆ ಒಂದು ಸುತ್ತು, ಅಂಥ ಹತ್ತು ಸುತ್ತು. ಬೆಳಿಗ್ಗೆ ಆರಕ್ಕೆ ಬಿಟ್ಟರು. ಉಳಿದವರೆಲ್ಲ ತೆಳ್ಳಗಿದ್ದರು, ಬಣ್ಣದ ಅಂಗಿ ಹಾಕಿದ್ದರು, ಯಾರೂ ಕಚ್ಚೆ ಹಾಕಿರಲಿಲ್ಲ. ರಸ್ತೆಯ ಬದಿಗೆ ಕಿಲೋಮೀಟರಿಗೊಂದು ಕಲ್ಲು ನೆಟ್ಟಿದ್ದರು. ಅಡಿವೆಪ್ಪ ಮೊದಲ ಎರಡು ಕಲ್ಲುಗಳ ನಡುವೆ ಸರಪಳಿ ಹಾಸಿದ. ನಾನು ನಾಲ್ಕು ನಿಮಿಷ ಓಡಿದೆ, ಅವನು ಸೀಟಿ ಊದಿದ, ನಾನು ನಡೆದೆ. ಆಮೇಲೆ ಸೀಟಿ ಬರಲೇ ಇಲ್ಲ. ಸುತ್ತು ಮುಗಿಸಿ ಬಂದು ನೋಡಿದರೆ ಅವನ ಮುಖ ಬಿಳಿಚಿತ್ತು. ಬೆಳದೇ ಇಲ್ಲ, ಎಂದ. ಇಷ್ಟು ಜನ ಓಡ್ಯಾರ, ಒಂದು ಗೇಣೂ ಬೆಳದಿಲ್ಲ. ಬೆಳೆಯದಿದ್ದರೆ ಒಳ್ಳೆಯದಲ್ಲವೇ ಎಂದರೆ ತಲೆ ಅಲ್ಲಾಡಿಸಿದ. ಇದು ಕೂಡಿಡುತ್ತಿದೆ, ಒಂದೇ ಸಲಕ್ಕೆ ಎಲ್ಲವೂ ಬೆಳೆಯುವ ದಾರಿ ಇದು, ಬೆಳೆಯುವ ತನಕ ನಡಿ, ಬೆಳೆದ ಮೇಲೆ ಇಳಿಸಿ ಓಡುವಿಯಂತೆ ಎಂದ.

ನಾವು ಇಬ್ಬರೂ ನಮ್ಮೂರಿನವರು. ಅವನು ಹೇಳಿದ್ದು ನನಗೆ ಸರಿಯೆನಿಸಿತು. ನಾನು ನಡೆದೆ. ಬಣ್ಣದಂಗಿಯವರು ದಾಟಿ ದಾಟಿ ಹೋದರು. ಪಾಪ, ಇವರೆಲ್ಲ ಎಲ್ಲಿಗೋ ಹೋಗಿ ಸಿಕ್ಕಿಕೊಳ್ಳುತ್ತಾರೆ, ಎಂದು ಮರುಗಿದೆ. ಒಬ್ಬ ಹುಡುಗಿಗೆ ನಡಿಯವ್ವ, ಹೊತ್ತಾಗತೈತಿ ಎಂದು ಬುದ್ಧಿ ಹೇಳಿದೆ, ಅವಳು ನಕ್ಕು ಕೈ ಬೀಸಿ ಹೋದಳು. ಎರಡನೇ ಸುತ್ತು, ಮೂರನೇ ಸುತ್ತು, ಪ್ರತಿ ಸಲವೂ ಅಡಿವೆಪ್ಪ ಅದೇ ಕಿಲೋಮೀಟರನ್ನು ಮತ್ತೆ ಅಳೆಯುತ್ತಾ, ಇನ್ನೂ ಬೆಳದಿಲ್ಲ ಎನ್ನುತ್ತಿದ್ದ. ಐದು ಸುತ್ತು ಮುಗಿದಾಗ ಮಧ್ಯಾಹ್ನ ಹನ್ನೆರಡು. ಆರು ಗಂಟೆಯಲ್ಲಿ ಅರ್ಧ ದಾರಿ. ನೀರು ಕೊಡುತ್ತಿದ್ದ ಹಿರಿಯರೊಬ್ಬರು, ಹೀಗೆ ನಡೆದರೆ ಮುಗಿಯುವುದಿಲ್ಲ ತಾಯಿ ಎಂದರು. ನಾನು ನೇರವಾಗಿ ಗಂಡನ ಮುಂದೆ ಹೋಗಿ ನಿಂತೆ.

“ಸೀಟಿ ಊದ್ತಿಯೋ ಇಲ್ಲೋ,” ಎಂದೆ.

ಅವನು ಸರಪಳಿಯ ಮೇಲೆ ಕೂತಿದ್ದ. ತಲೆಯೆತ್ತಲಿಲ್ಲ. “ನಡುದಾರ್ಯಾಗ ಬೆಳೀತೈತಿ ದುರುಗಿ. ನೀ ಇನ್ನೇನ ಮುಟ್ಟತೀನಿ ಅನ್ನೂ ಹೊತ್ತಿಗೆ ಬೆಳೀತೈತಿ. ಆ ದಿನ ಬೆಳದಂಗ. ಮತ್ತೊಮ್ಮೆ ನಿನ್ನ ಮಾರಿ ಹಂಗ ನೋಡಾಕ ನನ್ನ ಕೈಲಿ ಆಗೂದಿಲ್ಲ,” ಎಂದ.

ಮೂವತ್ತೊಂದು ವರ್ಷದಲ್ಲಿ ಅವ್ವ ಹೋದ ಆ ದಿನದ ಮಾತನ್ನು ಅವನು ಆಡಿದ್ದು ಅದೇ ಮೊದಲು. ಬಗ್ಗಿ ಅವನ ಕೊರಳಿಂದ ಸೀಟಿ ತೆಗೆದು ನನ್ನ ಕೊರಳಿಗೆ ಹಾಕಿಕೊಂಡು, ನಾನೇ ಊದಿ, ಓಡಿದೆ.

ನನಗೆ ಗಡಿಯಾರ ಬೇಕಾಗಿರಲಿಲ್ಲ. ನನ್ನ ಗಿರಣಿಯಲ್ಲಿ ಎರಡು ಸೇರು ಜೋಳ ನುಣ್ಣಗೆ ಬೀಸಲು ನಾಲ್ಕು ನಿಮಿಷ, ಆ ಹೊತ್ತು ನನ್ನ ಮೈಯಲ್ಲೇ ಇದೆ. ಎರಡು ಸೇರು ಓಡಿದೆ, ಒಂದು ಸೇರು ನಡೆದೆ, ಸೀಟಿ ಊದಿದೆ, ಮತ್ತೆ ಓಡಿದೆ. ನಡೆಯುವಾಗ ಬಾಗಿಲು ತೆರೆದು ನಲವತ್ತು ಜನ ಬರುತ್ತಾರೆಂದು ಎರಡು ಸಲ ಹಿಂದೆ ತಿರುಗಿ ನೋಡಿದೆ. ಬಯಲು ಬಿಟ್ಟರೆ ಏನೂ ಇರಲಿಲ್ಲ. ಏಳನೇ ಸುತ್ತಿನಲ್ಲಿ ಎಡಗಾಲಿನ ಎರಡು ಉಗುರು ಹೋದವು. ಎಂಟರಲ್ಲಿ ಉಂಡಿ ಮುಗಿಯಿತು. ಒಂಬತ್ತರಲ್ಲಿ ನನ್ನ ಪಕ್ಕ ಬಂದ ಪ್ರತಿಯೊಬ್ಬರಿಗೂ ಬೈದೆ, ಅವರು ಅದನ್ನು ನಮ್ಮೂರಿನ ಹಾಡೆಂದು ತಿಳಿದು ತಾಳ ಹಾಕಿದರು. ಹತ್ತನೆಯದರ ಕೊನೆಯಲ್ಲಿ ದೂರದಲ್ಲಿ ಎರಡು ಕಂಬ, ನಡುವೆ ಒಂದು ಹಗ್ಗ ಕಂಡಿತು. ಅಲ್ಲಿಂದ ಮುಂದಕ್ಕೆ ನಾನು ಸೀಟಿ ಊದಲಿಲ್ಲ, ನಡೆಯಲೂ ಇಲ್ಲ. ಕಂಬ ಈಗ ಸಣ್ಣದಾಗುತ್ತದೆ, ಈಗ ಸಣ್ಣದಾಗುತ್ತದೆ ಎಂದು ಹಲ್ಲು ಕಚ್ಚಿ ನೋಡುತ್ತಾ ಓಡಿದೆ. ಅದು ದೊಡ್ಡದಾಗುತ್ತಾ ಬಂತು. ನಾನು ಕೈ ಚಾಚಿ ಮುಟ್ಟಿದೆ. ಅದು ನಿಂತಲ್ಲೇ ನಿಂತು ಮುಟ್ಟಿಸಿಕೊಂಡಿತು. ಹತ್ತು ಗಂಟೆಯ ಗಡುವು ತುಂಬಲು ಇನ್ನೂ ಹನ್ನೊಂದು ನಿಮಿಷ ಬಾಕಿಯಿತ್ತಂತೆ. ಕೊರಳಿಗೆ ಏನೋ ಹಾಕಲು ಬಂದವರನ್ನು ನಾನು ಸ್ವಲ್ಪ ಹೊತ್ತು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಕಂಬ ತಬ್ಬಿಕೊಂಡಿದ್ದೆ.

ಅಡಿವೆಪ್ಪ ಆಗ ನೀರು ಕೊಡುವ ಹಿರಿಯರ ಜೊತೆ ಮೊದಲ ಕಲ್ಲಿನ ಹತ್ತಿರ ನಿಂತಿದ್ದ. ನಾನು ಕುಂಟುತ್ತಾ ಹೋದೆ. ಇದನ್ನು ಯಾವಾಗ ಅಳೆದದ್ದು ಎಂದು ಅವನು ಕೇಳುತ್ತಿದ್ದ. ನಾನು ಹುಟ್ಟುವುದಕ್ಕೂ ಮುಂಚೆ ಎಂದರು ಅವರು. ಆಮೇಲೆ ಯಾರೂ ಅಳೆಯಲಿಲ್ಲವೇ ಎಂದ. ಯಾಕೆ ಅಳೆಯಬೇಕು ಎಂದರು ಅವರು, ನಿಜಕ್ಕೂ ಅರ್ಥವಾಗದೆ. ಅವನು ಕಲ್ಲಿನ ಮೇಲೆ ಕೊರೆದ ಅಂಕಿಯನ್ನು ಬೆರಳಿನಿಂದ ಸವರಿದ. ಮೂವತ್ತೊಂದು ವರ್ಷ ದಿನಾ ಬರೆದು ದಿನಾ ಒರೆಸಿದ ಬೆರಳು ಅದು.

ಮುಟ್ಟಿದೆ ನೋಡ್ರಿ, ಎಂದೆ ನಾನು. ಸಿಟ್ಟಿರಲಿಲ್ಲ, ಅದಕ್ಕೇ ಬಹುವಚನ ಬಂತು. ಅವನು ನನ್ನ ಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ ಸರಪಳಿ ಎತ್ತಿ ಹೆಗಲಿಗೆ ಹಾಕಿಕೊಂಡ. ಈ ಎರಡು ಕಲ್ಲಿನ ನಡುವೆ ಸರಿಯಿದೆ, ಮುಂದಿನದನ್ನೂ ಒಂದು ಸಲ ನೋಡಿ ಬರುತ್ತೇನೆ ಎಂದ. ಎಲ್ಲಿಯವರೆಗೆ ಎಂದು ಕೇಳಿದೆ.

“ಒಂದ ಕಲ್ಲು ಸುಳ್ಳು ಹೇಳಿದ್ರ ಸಾಕು, ಅಲ್ಲಿಂದ ಹೊಳ್ಳಿ ಬರ್ತೀನಿ,” ಎಂದ.

ಸರಪಳಿ ಹಾಸಿದ, ಎತ್ತಿದ, ಮುಂದೆ ಹೋದ. ಎರಡನೇ ಕಲ್ಲು ದಾಟಿದ, ಮೂರನೆಯದರ ಹತ್ತಿರ ಬಗ್ಗಿದ, ಎದ್ದ, ಹೊರಟ. ಅಲ್ಲಿ ಓಡಿದರೆ ಅವನು ಸಿಗುತ್ತಾನೆಂದು ಆಗ ನನಗೆ ಗೊತ್ತಿತ್ತು. ಆದರೆ ಅವನು ನಡೆಯುತ್ತಿದ್ದ ಧಾಟಿ ನೋಡಿ ನಾನು ಸೀಟಿಯನ್ನು ಬಾಯಿಗೆ ಇಡಲಿಲ್ಲ, ಕಲ್ಲಿನ ಮೇಲೆ ಕೂತು ಬೂಟು ಬಿಚ್ಚಿದೆ. ಕೊನೆಯ ಬಸ್ಸಿನವರೆಗೆ ಕಾದು, ಒಬ್ಬಳೇ ಊರಿಗೆ ಬಂದೆ.

ಈಗ ಬೋರ್ಡು ನಾನೇ ಬರೆಯುತ್ತೇನೆ. ಸರಪಳಿ ಅವನ ಹತ್ತಿರ ಇರುವುದರಿಂದ ಹೆಜ್ಜೆಯಲ್ಲೇ ಅಳೆಯುತ್ತೇನೆ, ಹಿಂದೆ ಫಕೀರವ್ವ ಎಣಿಸುತ್ತಾಳೆ, ತಪ್ಪಾದರೆ ಇಬ್ಬರೂ ಬಡಿದಾಡುತ್ತೇವೆ. ಅವನು ಹೋಗಿ ಎರಡು ವರ್ಷವಾಯಿತು. ಆ ಕಡೆಯವರು ಕಲ್ಲುಗಳನ್ನು ಬಹಳ ಸರಿಯಾಗಿ ನೆಟ್ಟಿದ್ದಾರೆಂದು ಕಾಣುತ್ತದೆ. ಅವನು ಇನ್ನೂ ಬಂದಿಲ್ಲ.